ಬಕೆಟ್ ತಳದಾಗ ಕೆಂಪು, ಮೀಟರ್‌ದಾಗ 420

ಪ್ರಶ್ನೆ: ಸರ್, ನಮ್ದು ಮಾನ್ವಿ ಹತ್ರ ಹಳ್ಳಿ. ಅಕ್ಕನ್ನ ತೆಲಂಗಾಣಕ್ಕ ಕೊಟ್ಟೀವಿ, ಭಾವ ಅಲ್ಲಿ ಗೋದಾವರಿ ಕಡೆ ಒಂದು ಓಪನ್‌ಕಾಸ್ಟ್ ಕಲ್ಲಿದ್ದಲು ಗಣಿಯಾಗ ಡಂಪರ್ ಓಡಿಸ್ತಾರ. ಮನಿ ಬೋರ್ ನೀರು ಹಿಡಿದಾಗ ತಿಳಿ ಇರ್ತದ, ಮುಂಜಾನಿಗೆ ನೋಡಿದ್ರ ಬಕೆಟ್ ತಳದಾಗ ಕೆಂಪು ಕೂತಿರ್ತದ. ಟಿಡಿಎಸ್ ಮೀಟರ್ ಒಯ್ದು ನೋಡಿದೆ, 420 ಬಂತು. 500ರ ಒಳಗದ, ಕುಡೀಬಹುದು ಅಂತಾರ ಭಾವ. ಊರ ಹತ್ರ ಗಣಿಯವರು ಒಂದು ಪೈಪ್ ಇಳಿಸಿ ಬೀಗ ಹಾಕ್ಯಾರ, ವರ್ಷಕ್ಕ ನಾಕು ಸಲ ಬಂದು ಟೇಪ್ ಬಿಟ್ಟು ಹೋಗ್ತಾರಂತ. ಅದೇನು? ನೀರು ಕುಡಿಯೋದಾ ಬ್ಯಾಡಾ?
(ಹೆಸರು ಬ್ಯಾಡ ಅಂದಾರ, ಮಾನ್ವಿ ತಾಲೂಕು)

ಉತ್ತರ: ಮೊದಲು ಮೀಟರ್ ವಿಷಯ ಮುಗಿಸಿಬಿಡೋಣ. ಅದು ನೀರಾಗ ಕರೆಂಟ್ ಎಷ್ಟು ಹರೀತದ ನೋಡಿ ಒಟ್ಟು ಉಪ್ಪಿನ ಅಂದಾಜು ಹೇಳ್ತದ ಅಷ್ಟ, ಯಾವ ಉಪ್ಪು ಅಂತ ಹೇಳಂಗಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಆರ್ಸೆನಿಕ್ 0.01, ಇವು ನಿಮ್ಮ 420ರಾಗ ಎಲ್ಲಿ ಕಾಣಬೇಕು? ನಮ್ಮ ರಾಯಚೂರು, ಕೊಪ್ಪಳದ ಬೋರ್ ನೀರು ಕುಡಿದು ಹಲ್ಲು ಕಂದು ಮಾಡ್ಕೊಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕೆಂಪು ಅಂದ್ರ ಕಬ್ಬಿಣ. ನೆಲದಾಗ ಗಾಳಿ ಇಲ್ಲದ ಕಡೆ ಕರಗಿದ್ದು ಬಕೆಟ್‌ಗೆ ಬಂದು ಗಾಳಿ ತಾಗಿದ ಮ್ಯಾಲೆ ತುಕ್ಕಾಗಿ ಕೂಡ್ತದ. ಕೇಸಿಂಗ್ ಪೈಪ್ ತುಕ್ಕೂ ಇರಬಹುದು, ಅಲ್ಲಿ ಕಲ್ಲಿನ ಗುಣಾನೂ ಇರಬಹುದು, ಅದಕ್ಕ ಗಣಿಯವರ ಜತಿ ಈಗ್ಲೇ ಜಗಳಕ್ಕ ಹೋಗಬ್ಯಾಡ್ರಿ. ಗಣಿದೋ ಅಲ್ಲೋ ತಿಳೀಬೇಕಂದ್ರ ಸಲ್ಫೇಟ್, ಅಂದ್ರ ಗಂಧಕದ ಉಪ್ಪು, ನೋಡಬೇಕು. ಕಲ್ಲಿದ್ದಲಿನ ಜೋಡಿ ಪೈರೈಟ್ ಅಂತ ಬಂಗಾರದಂಗ ಹೊಳಿಯೋ ಖನಿಜ ಇರ್ತದ, ಅಗದು ಹೊರಗ ಹಾಕಿದ ಮ್ಯಾಲೆ ಗಾಳಿ ನೀರು ಸೇರಿ ಗಂಧಕದ ಆಮ್ಲ ಆಗ್ತದ. ಮೇಘಾಲಯದ ಜೈಂತಿಯಾ ಬೆಟ್ಟದ ಕಡೆ ಹೊಳಿ ನೀರು ಹುಳಿ ಆಗಿದ್ದು ಇದರಿಂದನ. ಗೋದಾವರಿ ಕಡೆ ಕಲ್ಲಿದ್ದಲಿನಾಗ ಗಂಧಕ ಕಮ್ಮಿ, ಆದ ಆಮ್ಲಾನೂ ಸುಣ್ಣದಂಥ ಖನಿಜ ತಾಗಿ ಸಾಯ್ತದ, ಪಿಎಚ್ 7ರ ಆಸುಪಾಸ ಬರ್ತದ, ನೋಡಿದವರು ನೀರು ಚೊಲೋ ಅದ ಅಂತಾರ. ಆಮ್ಲ ಸತ್ತರೂ ಸಲ್ಫೇಟ್ ಉಳೀತದ. ಅದರ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬ್ಯಾರೆ ನೀರೇ ಇಲ್ಲಾಂದ್ರ 400. ನೈಟ್ರೇಟೂ ಮಾಡಿಸ್ರಿ, 45ರ ಮ್ಯಾಲೆ ಇರಬಾರದು, ಬ್ಲಾಸ್ಟಿಂಗ್ ಮದ್ದು ಅಮೋನಿಯಂ ನೈಟ್ರೇಟ್. ಆದ್ರ ಯೂರಿಯಾದಿಂದನೂ ಪಾಯಖಾನಿ ಗುಂಡಿಯಿಂದನೂ ಅದು ಬರ್ತದ ನೆನಪಿರ್ಲಿ.

ಆ ಬೀಗದ ಪೈಪಿಗೆ ಪೀಜೋಮೀಟರ್ ಅಂತಾರ, ನೆಲದ ನೀರಿನ ಮಟ್ಟ ಅಳಿಯೋಕ ಇಳಿಸಿದ್ದು. ಕಲ್ಲಿದ್ದಲು ಗಣಿಗೆ ಪರಿಸರ ಅನುಮತಿ ಕೊಡೋವಾಗ ಹಾಕೋ ಷರತ್ತು: ನೀರಿನ ಮಟ್ಟ ಮೇ, ಆಗಸ್ಟ್, ನವೆಂಬರ್, ಜನವರಿ ಹಿಂಗ ನಾಕು ಸಲ, ಗುಣಮಟ್ಟ ಮೇ ತಿಂಗಳದಾಗ. ಆರು ತಿಂಗಳಿಗೊಮ್ಮೆ ವರದಿ ಕಂಪನಿ ವೆಬ್‌ಸೈಟಿಗೆ ಹಾಕಬೇಕು, ಅದನ್ನ ತಗದು ನೋಡ್ರಿ. ಒಂದು ಸೂಕ್ಷ್ಮ ಏನಂದ್ರ ಗಣಿ ನಡೆಯೋ ತನಕ ಗುಂಡಿಯಿಂದ ನೀರು ಎತ್ತತಾನ ಇರ್ತಾರ, ಸುತ್ತಲಿನ ಬಾವಿ ಇಳೀತಾವ, ನೆಲದ ನೀರು ಗುಂಡಿ ಕಡೀಗೇ ಹರೀತದ. ಹಂಗಾಗಿ ಊರಿಗೆ ಹತ್ರದ ಕಾಟ ಓಬಿ ಗುಡ್ಡದ್ದು (ಕಲ್ಲಿದ್ದಲಿನ ಮ್ಯಾಲಿಂದು ಅಗದು ಒಟ್ಟಿದ ಮಣ್ಣು ಕಲ್ಲು), ಗುಂಡಿದು ಪಂಪ್ ನಿಂತ ಮ್ಯಾಲೆ. ಪೈಪ್ ಗುಡ್ಡದ ಇಳಿಜಾರಿಗದನೋ ಏರಿಗದನೋ ಭಾವನ್ನ ಕೇಳ್ರಿ, ಎರಡೂ ಕಡೆ ಇದ್ರ ಮಾತ್ರ ಹೋಲಿಸೋಕ ಆಗ್ತದ.

ಸ್ಯಾಂಪಲ್ ಹಿಡಿಯೋದ್ರಾಗ ಎಡವತಾರ ಬಹಳ ಮಂದಿ. ಬೋರ್ ಇಪ್ಪತ್ತು ನಿಮಿಷ ಓಡಿಸಿ ಆಮ್ಯಾಲೆ ಹಿಡೀರಿ. ಬಾಟ್ಲಿ ಎರಡು. ಲೋಹಕ್ಕ ಅಂತ ಲ್ಯಾಬಿನವರು ಒಂದೆರಡು ಹನಿ ನೈಟ್ರಿಕ್ ಆಸಿಡ್ ಹಾಕಿದ್ದು ಕೊಡ್ತಾರ, ಅದನ್ನ ತೊಳೀಬ್ಯಾಡ್ರಿ. ಆಸಿಡ್ ಇಲ್ಲದ ಬಾಟ್ಲಿಯಾಗ ನಿಮ್ಮ ಬಕೆಟ್ ಕತಿನ ಆಗ್ತದ, ಬಸ್ಸಿನಾಗ ಹೋಗೋಷ್ಟರಾಗ ಕಬ್ಬಿಣ ತಳಕ್ಕ ಕೂಡ್ತದ, ಆರ್ಸೆನಿಕ್ ಇದ್ರ ಅದಕ್ಕ ಅಂಟಿಕೊಂಡು ಹೋಗ್ತದ, ಲ್ಯಾಬಿನವರು ಮ್ಯಾಲಿನ ತಿಳಿ ನೀರು ಬಗ್ಗಿಸ್ಕೊಂಡು ಏನೂ ಇಲ್ಲ ಅಂತ ಬರೀತಾರ. ನಾನೂ ಒಮ್ಮೆ ಕೂಲ್‌ಡ್ರಿಂಕ್ ಬಾಟ್ಲಿಯಾಗ ಒಯ್ದು ಬೈಸಿಕೊಂಡೀನಿ. ಎರಡನೇದು ಸಲ್ಫೇಟ್, ನೈಟ್ರೇಟಿಗೆ, ಆಸಿಡ್ ಇಲ್ಲದ್ದು, ಐಸ್ ಡಬ್ಬಿಯಾಗ ಇಟ್ಟು ಅದೇ ದಿನ ಮುಟ್ಟಿಸ್ರಿ. ಮೇದಾಗ ಒಮ್ಮೆ, ನವೆಂಬರ್‌ದಾಗ ಒಮ್ಮೆ, ಅದೇ ಬೋರ್.

ರಿಪೋರ್ಟ್ ಬರೋ ತನಕ ಕುಡಿಯೋಕ ಮಿಷನ್ ಭಗೀರಥ (ತೆಲಂಗಾಣ ಸರ್ಕಾರದ ಕುಡಿಯೋ ನೀರಿನ ಯೋಜನೆ) ನಳದ ನೀರು ತುಂಬ್ರಿ. ಬೋರ್ ನೀರು ಕಾಯಿಸಿದ್ರ ಉಪ್ಪು ಹೋಗಂಗಿಲ್ಲ, ಆರಿದಷ್ಟು ಗಟ್ಟಿ ಆಗ್ತದ. ಬಟ್ಟಿ ಒಗಿಯೋಕ ನಡೀತದ, ಭಾವನ ಬಿಳಿ ಅಂಗಿ ಬಿಟ್ಟು.