ಘಾಟಿ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗುತ್ತಿದೆ, ಮನೆಯಲ್ಲೇ ಏರ್ ತೆಗೆಯಬಹುದಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಇದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ. ಮಡಿಕೇರಿಯಿಂದ ಸಂಪಾಜೆ ಕಡೆ ಇಳಿಯುವಾಗ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಸುಳ್ಯದಲ್ಲಿ ಊಟ ಮುಗಿಸಿ ಬಂದರೆ ಮತ್ತೆ ಸುಮಾರಾಗಿ ಸರಿ ಇರುತ್ತದೆ. ಕಾರು ಕೊಂಡ ಮೇಲೆ ಬ್ರೇಕ್ ಆಯಿಲ್ ಬದಲಿಸಿಲ್ಲ. ಮಗನ ಜೊತೆ ಸೇರಿ ನಾನೇ ಬ್ರೇಕ್ ಪೈಪಿನೊಳಗಿನ ಏರ್ ತೆಗೆಯಬಹುದಾ?

ಉತ್ತರ: ತೆಗೆಯಬಹುದು. ಆದರೆ ನಿಮ್ಮ ಕಾರಿಗೆ ಅಷ್ಟೇ ಸಾಲದು. ಹಳೆಯ ಆಯಿಲ್ ಪೂರ್ತಿ ಹೊರಗೆ ಹೋಗಬೇಕು. ಅಲ್ಲಿಯವರೆಗೆ ಘಾಟಿ ಇಳಿಯಬೇಡಿ.

ಬಿಸಿಯಾದಾಗ ಮೆತ್ತಗಾಗಿ, ತಣಿದ ಮೇಲೆ ಸರಿಹೋಗುವುದು ನೀರು ಸೇರಿದ ಆಯಿಲ್‌ನ ಲಕ್ಷಣ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಕೊಡಗಿನ ಮಳೆಗಾಲದ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ? ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಅದರಲ್ಲಿ ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದು 230 ಮತ್ತು 155. ತಿರುವು ತಿರುವಿಗೂ ಬ್ರೇಕ್ ಒತ್ತುತ್ತಾ ಇಳಿದರೆ ಕ್ಯಾಲಿಪರ್ (ಪ್ಯಾಡ್‌ಗಳಿಂದ ಡಿಸ್ಕನ್ನು ಅದುಮುವ ಭಾಗ) ಕಾದು ಆಯಿಲ್ ಕುದಿಯುತ್ತದೆ, ಪೈಪಿನೊಳಗೆ ಆವಿಯ ಗುಳ್ಳೆ ಏಳುತ್ತದೆ. ನೀವು ಒತ್ತಿದ ಬಲವೆಲ್ಲ ಆ ಗುಳ್ಳೆಯನ್ನು ಅದುಮುವುದಕ್ಕೇ ಹೋಗುತ್ತದೆ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಬೇರೆ ಕಥೆ, ಅಲ್ಲಿ ಕಾದಿರುವುದು ಪ್ಯಾಡ್.

ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಪರೀಕ್ಷೆ ಮಾಡಿ. ಕಾರು ನಿಂತಿರುವಾಗಲೇ ಪೆಡಲನ್ನು ಮೂರ್ನಾಲ್ಕು ಸಲ ಬೇಗ ಬೇಗ ಒತ್ತಿ. ಮೇಲೆ ಬಂದು ಗಟ್ಟಿಯಾದರೆ ಲೈನಿನಲ್ಲಿ ಏರ್ ಇರಬಹುದು, ಅಥವಾ ಹಿಂದಿನ ಡ್ರಮ್ಮಿನಲ್ಲಿ ಶೂ (ಡ್ರಮ್ಮಿಗೆ ಉಜ್ಜುವ ಪಟ್ಟಿ) ಸವೆದು ಅಂತರ ಜಾಸ್ತಿಯಾಗಿರಬಹುದು. ಹ್ಯಾಂಡ್‌ಬ್ರೇಕ್ ಲಿವರ್ ಕೂಡ ತುಂಬಾ ಮೇಲೆ ಬರುತ್ತಿದ್ದರೆ ಮೊದಲು ಶೂ ನೋಡಿಸಿ. ಆಮೇಲೆ ಪೆಡಲನ್ನು ಒಂದೇ ಸಮ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಜಾರಿದರೆ ಎಲ್ಲೋ ಲೀಕ್ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಒಳಗಿನ ಸೀಲ್ ಹೋಗಿದೆ. ಅದಕ್ಕೆ ಏರ್ ತೆಗೆದು ಏನೂ ಪ್ರಯೋಜನವಿಲ್ಲ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ, ಕಾರು ಓಡಿಸಿಕೊಂಡು ಹೋಗಬೇಡಿ.

ಆಯಿಲ್ ಯಾವುದು ಅಂತ ಕಾರಿನಲ್ಲಿರುವ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಸೀಲ್ ಒಡೆಯದ ಒಂದು ಲೀಟರ್ ತನ್ನಿ. ಡಾಟ್ 5 ಸಿಲಿಕೋನ್‌ನದು, ಡಾಟ್ 3, ಡಾಟ್ 4ರ ಜೊತೆ ಬೆರೆಸುವಂತಿಲ್ಲ. ಇನ್ನು, ಬ್ರೇಕ್ ಆಯಿಲ್ ಅಂತ ನಾವೆಲ್ಲ ಕರೆದರೂ ಎಂಜಿನ್ ಆಯಿಲ್‌ಗೂ ಅದಕ್ಕೂ ಸಂಬಂಧವಿಲ್ಲ. ತಪ್ಪಿ ಎಂಜಿನ್ ಆಯಿಲ್ ಹಾಕಿದರೆ ಸೀಲ್‌ಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಜಾಗಕ್ಕೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಸಮತಟ್ಟು, ಗಟ್ಟಿ ನೆಲ. ಚಕ್ರಕ್ಕೆ ಅಡ್ಡ ಕೊಡಿ, ಜ್ಯಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಎಂಜಿನ್ ಆಫ್ ಇರಲಿ. ಸಿರಿಂಜಿನಿಂದ ಡಬ್ಬಿಯ ಹಳೆ ಆಯಿಲ್ ಎಳೆದು ಹೊಸದು ತುಂಬಿ. ಮ್ಯಾನುಯಲ್‌ನಲ್ಲಿ ಕೊಟ್ಟಿರುವ ಕ್ರಮದಲ್ಲೇ ಚಕ್ರಗಳಿಗೆ ಹೋಗಿ. ಕ್ರಮ ಕೊಟ್ಟಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್‌ಗೆ ಅತಿ ದೂರದ ಚಕ್ರ, ಅಂದರೆ ನಮ್ಮ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ ಚಕ್ರ, ಮೊದಲು.

ನಮ್ಮ ಕಡೆಯ ಕಾರುಗಳಲ್ಲಿ ನಿಜವಾದ ತಲೆನೋವು ತುಕ್ಕು ಹಿಡಿದ ನಿಪ್ಪಲ್, ಅಂದರೆ ಪ್ರತಿ ಚಕ್ರದ ಬ್ರೇಕಿನಲ್ಲಿ ಆಯಿಲ್ ಹೊರಬಿಡುವ ಸಣ್ಣ ಸ್ಕ್ರೂ. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ರಿಂಗ್ ಸ್ಪ್ಯಾನರನ್ನೇ ಬಳಸಿ. ಮೆಲ್ಲಗೆ ಬಿಟ್ಟುಕೊಡದಿದ್ದರೆ ಅಲ್ಲಿಗೇ ನಿಲ್ಲಿಸಿ, ಮುರಿದರೆ ಖರ್ಚು ದೊಡ್ಡದಾಗುತ್ತದೆ.

ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಮಗ ಪೆಡಲ್ ಒತ್ತಿ ಹಿಡಿಯಲಿ. ನೀವು ನಿಪ್ಪಲನ್ನು ಕಾಲು ಸುತ್ತು ತೆರೆಯಿರಿ. ಪೆಡಲ್ ಕೆಳಗೆ ಹೋಗುತ್ತದೆ, ಆಯಿಲ್ ಬರುತ್ತದೆ. ನಿಪ್ಪಲ್ ಮುಚ್ಚಿ, ಆಮೇಲೆ "ಕಾಲು ತೆಗೆ" ಅನ್ನಿ. ನೀವು ಹೇಳುವ ಮುಂಚೆ ಅವನು ಕಾಲೆತ್ತಿದರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಈ ಕೆಲಸ ಕೆಡುವುದೇ ಇಲ್ಲಿ. ಗುಳ್ಳೆ ನಿಂತರೆ ಸಾಲದು, ಕಂದು ಬಣ್ಣ ಹೋಗಿ ತಿಳಿ ಆಯಿಲ್ ಬರುವವರೆಗೂ ಮುಂದುವರಿಸಿ. ಡಬ್ಬಿಯ ಮಟ್ಟ ಮಿನ್ ಗೆರೆಗಿಂತ ಕೆಳಗಿಳಿಯಲು ಬಿಟ್ಟರೆ ಗಾಳಿ ಒಳಗೆ ಹೋಗಿ ಪುನಃ ಮೊದಲಿನಿಂದ ಶುರು ಮಾಡಬೇಕಾಗಬಹುದು.

ಹಳೆ ಕಾರು ಅಲ್ವಾ, ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ಪೆಡಲ್ ನೆಲದವರೆಗೆ ಹೋದರೆ ಮಾಸ್ಟರ್ ಸಿಲಿಂಡರ್‌ನ ಸೀಲ್ ಈವರೆಗೆ ಓಡಾಡದ ತುಕ್ಕು ಜಾಗಕ್ಕೆ ಹೋಗಿ ಹರಿಯಬಹುದು. ಸೆಕೆಂಡ್ ಹ್ಯಾಂಡ್ ಅಂದಿರಿ, ಹಾಗಾಗಿ ಇನ್ನೊಂದು ಮಾತು. ಮುಂದಿನ ಕ್ಯಾಲಿಪರ್‌ಗಳ ನಿಪ್ಪಲ್ ಮೇಲ್ಭಾಗದಲ್ಲೇ ಇದೆಯಾ ನೋಡಿ. ಯಾರೋ ಎಡಬಲ ಅದಲುಬದಲು ಕೂರಿಸಿದ್ದರೆ ನಿಪ್ಪಲ್ ಕೆಳಗೆ ಬಂದಿರುತ್ತದೆ. ಆಗ ಎಷ್ಟು ಒತ್ತಿದರೂ ಸುಮ್ನೆ, ಏರ್ ಹೊರಗೆ ಬರುವುದೇ ಇಲ್ಲ.

ಪೇಂಟ್ ಮೇಲೆ ಬಿದ್ದ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಿರಿ. ಮ್ಯಾಕ್ಸ್ ಗೆರೆಯವರೆಗೆ ತುಂಬಿ, ಮುಚ್ಚಳ ಹಾಕಿ, ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು ನಾಲ್ಕೂ ನಿಪ್ಪಲ್ ಒಣಗಿವೆಯಾ ನೋಡಿ. ಎಂಜಿನ್ ಶುರು ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿಯುವುದು ಸಹಜ, ಅದು ಒತ್ತುವ ಬಲ ಹೆಚ್ಚಿಸುವ ಬೂಸ್ಟರ್ ಕೆಲಸ. ಮೊದಲು ಕಣದಲ್ಲೇ ನಿಧಾನಕ್ಕೆ ಓಡಿಸಿ ಪರೀಕ್ಷಿಸಿ, ನಂತರ ಸಮತಟ್ಟು ರಸ್ತೆ. ಇನ್ನೂ ಮೆತ್ತಗಿದ್ದರೆ ಉಬ್ಬಿದ ರಬ್ಬರ್ ಹೋಸ್ ಮೇಲೆ ನನ್ನ ಅನುಮಾನ, ಅದನ್ನು ಮೆಕ್ಯಾನಿಕ್‌ಗೆ ತೋರಿಸಿ.

ಹೊಸ ಆಯಿಲ್ ಹಾಕಿದ ಮೇಲೂ ಸಂಪಾಜೆ ಕಡೆ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರ್‌ನಲ್ಲೇ ಇರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ ಇಳಿಯುವ ಚಟ ಇದ್ದರೆ ಬಿಡಿ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಅಂಗಡಿಯಿಂದ ತಂದ ಆಯಿಲಿನಲ್ಲಿ ಮಿಕ್ಕಿದ್ದನ್ನು ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೂ ತೇವ ಕುಡಿದಿರುತ್ತದೆ. ಹಳೆಯದನ್ನು ತೋಟಕ್ಕೆ ಚೆಲ್ಲದೆ ಬಾಟಲಿಯಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಿ.