ಕೆಂಪು ಗುಂಡಿಯ ಹಿಂಭಾಗ ನೋಡಿ

ಪೀಣ್ಯದಲ್ಲಿ ಸಣ್ಣ ಪ್ರೆಸ್ ಶಾಪ್ (ಲೋಹದ ತಗಡನ್ನು ಮೆಷಿನ್‌ನಲ್ಲಿ ಒತ್ತಿ ಆಕಾರ ಕೊಡುವ ವರ್ಕ್‌ಶಾಪ್) ಇಟ್ಟಿರುವ ಓದುಗರೊಬ್ಬರ ಪತ್ರ: "ಹಳೆಯ ಪವರ್ ಪ್ರೆಸ್‌ಗೆ ಎಮರ್ಜೆನ್ಸಿ ಸ್ಟಾಪ್ ಹಾಕಿಸಬೇಕು. ಅಂಗಡಿಯವರು ಎರಡು ಕೆಂಪು ಸ್ವಿಚ್ ತೋರಿಸಿದರು. ನೋಡೋಕೆ ಒಂದೇ ಥರ, ಬೆಲೆಯಲ್ಲಿ ತುಂಬಾ ವ್ಯತ್ಯಾಸ. ಕಡಿಮೆ ಬೆಲೆಯದು ಸಾಕಲ್ವಾ?"

ಸಂಪಾದಕರ ಉತ್ತರ:

ಬೆಲೆ ಆಮೇಲೆ ನೋಡೋಣ. ಮೊದಲು ಎರಡನ್ನೂ ತಿರುಗಿಸಿ ಹಿಂದಿನ ಕಾಂಟ್ಯಾಕ್ಟ್ ಬ್ಲಾಕ್ (ವೈರ್ ಜೋಡಿಸುವ ಭಾಗ) ನೋಡಿ. ಟರ್ಮಿನಲ್ ನಂಬರ್ 1-2 ಅಥವಾ 11-12 ಇದ್ದರೆ ಅದು ಎನ್‌ಸಿ (ನಾರ್ಮಲಿ ಕ್ಲೋಸ್ಡ್): ಒತ್ತದಿದ್ದಾಗ ಕರೆಂಟ್ ಹರಿಯುತ್ತದೆ, ಒತ್ತಿದರೆ ಕಡಿಯುತ್ತದೆ. 3-4 ಅಥವಾ 13-14 ಇದ್ದರೆ ಎನ್‌ಒ (ನಾರ್ಮಲಿ ಓಪನ್), ಅದರ ಉಲ್ಟಾ. ಎಮರ್ಜೆನ್ಸಿ ಸ್ಟಾಪ್‌ಗೆ ಎನ್‌ಸಿಯೇ ಆಗಬೇಕು. ಎನ್‌ಒ ಹಾಕಿದ ಸರ್ಕ್ಯೂಟ್‌ನಲ್ಲಿ ಒಂದು ವೈರ್ ಕಳಚಿಕೊಂಡರೂ ಮೆಷಿನ್ ಏನೂ ಆಗದ ಹಾಗೆ ಓಡುತ್ತಿರುತ್ತದೆ. ಕೈ ಸಿಕ್ಕಿಕೊಂಡು ಗುಂಡಿ ಒತ್ತಿದಾಗಲೇ ಗೊತ್ತಾಗುವುದು. ಎನ್‌ಸಿಯಲ್ಲಿ ವೈರ್ ಕಳಚಿದ ಕ್ಷಣವೇ ಮೆಷಿನ್ ನಿಲ್ಲುತ್ತದೆ. "ಸುಮ್ನೆ ಸುಮ್ನೆ ನಿಲ್ಲುತ್ತೆ" ಅಂತ ಯಾರಾದರೂ ಅಡ್ಡ ವೈರ್ ಹಾಕಿ ಬೈಪಾಸ್ ಮಾಡಲು ಬಂದರೆ ದಯವಿಟ್ಟು ಬಿಡಬೇಡಿ. ಸಡಿಲವಾದ ವೈರ್ ಎಲ್ಲಿದೆ ಅಂತ ಹುಡುಕಿಸಿ.

ಬ್ಲಾಕ್ ಮೇಲೆ ಇನ್ನೊಂದು ಗುರುತು ಇರಬೇಕು: ವೃತ್ತದೊಳಗೆ ಒಂದು ಬಾಣ. ಕಾಂಟ್ಯಾಕ್ಟ್‌ಗಳು ಸ್ವಲ್ಪ ಅಂಟಿಕೊಂಡಿದ್ದರೂ ಒತ್ತುವ ಕೈಯ ಬಲವೇ ಅವನ್ನು ನೇರವಾಗಿ ಬಿಡಿಸುತ್ತದೆ ಅಂತ ಅದರ ಅರ್ಥ. ಸಾಮಾನ್ಯ ಸ್ವಿಚ್‌ನಲ್ಲಿ ಆ ಕೆಲಸ ಸ್ಪ್ರಿಂಗ್ ಪಾಲಿನದು, ಸ್ಪ್ರಿಂಗ್ ಸೋತರೆ ಮುಗಿಯಿತು. ಜೊತೆಗೆ ಐಇಸಿ 60947-5-5 (ಎಮರ್ಜೆನ್ಸಿ ಸ್ಟಾಪ್ ಸ್ವಿಚ್‌ನ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್) ಅಂತ ಬರೆದಿದೆಯಾ ನೋಡಿ. ಒತ್ತಿದರೆ ಲಾಕ್ ಆಗಿ, ತಿರುಗಿಸಿದರೆ ಅಥವಾ ಎಳೆದರೆ ಮಾತ್ರ ಬಿಡುವ ಸ್ವಿಚ್ ಅದು. ಬಿಟ್ಟ ಮಾತ್ರಕ್ಕೆ ಮೆಷಿನ್ ಚಾಲೂ ಆಗಬಾರದು. ಅದಕ್ಕೆ ಬೇರೆ ಸ್ಟಾರ್ಟ್ ಬಟನ್ ಇರಲಿ.

ನಿಮ್ಮದು ಪ್ರೆಸ್ ಆದ್ದರಿಂದ ಒಂದು ಮಾತು ಒತ್ತಿ ಹೇಳುತ್ತೇನೆ. ಪ್ರತಿ ಹೊಡೆತಕ್ಕೂ ಪ್ಯಾನೆಲ್ ಅದುರುತ್ತದೆ. ಕ್ಲಿಪ್‌ನಲ್ಲಿ ಕೂರುವ ಬ್ಲಾಕ್ ಹಿಂದೆ ಕಳಚಿ ನೇತಾಡುತ್ತಿದ್ದರೂ ಮುಂದಿನ ಕೆಂಪು ಗುಂಡಿ ಚೆನ್ನಾಗೇ ಕಾಣುತ್ತದೆ. ಎನ್‌ಸಿ ಮುಚ್ಚಿಯೇ ಇರುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ. ಇದನ್ನು ತಡೆಯಲೆಂದೇ ಸೆಲ್ಫ್ ಮಾನಿಟರಿಂಗ್ ಬ್ಲಾಕ್ ಸಿಗುತ್ತದೆ. ಗುಂಡಿಯಿಂದ ಬೇರೆಯಾದರೆ ಅದು ತಾನೇ ಸರ್ಕ್ಯೂಟ್ ಕಡಿಯುತ್ತದೆ. ಜಾಸ್ತಿ ದುಡ್ಡು ಕೊಡುವುದಾದರೆ ಇದಕ್ಕೇ ಕೊಡಿ.

ಸ್ವಿಚ್ ಒಂದರಿಂದಲೇ ಕೆಲಸ ಆಗುವುದಿಲ್ಲ. ಮೋಟಾರ್‌ಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್ ಒಳಗೇ ವೆಲ್ಡ್ ಆಗಿ ಕೂತರೆ ಎಂಥ ಗುಂಡಿಯೂ ಉಪಯೋಗಕ್ಕಿಲ್ಲ. ಎರಡು ಎನ್‌ಸಿ ಕಾಂಟ್ಯಾಕ್ಟ್, ಸರ್ಕ್ಯೂಟ್‌ನ ದೋಷ ಗುರುತಿಸಿ ಮೆಷಿನ್ ತಡೆಯುವ ಒಂದು ಸೇಫ್ಟಿ ರಿಲೇ, ಸಾಲಾಗಿ ಎರಡು ಕಾಂಟ್ಯಾಕ್ಟರ್ ಹಾಕಿಸಿ. ಸಾಮಾನ್ಯ ಪಿಎಲ್‌ಸಿಯ (ಮೆಷಿನ್ ನಡೆಸುವ ಪುಟ್ಟ ಕಂಪ್ಯೂಟರ್) ಇನ್‌ಪುಟ್‌ಗೆ ಮಾತ್ರ ಜೋಡಿಸಿ ಬಿಡಬೇಡಿ.

ವೈರಿಂಗ್ ಆದ ಮೇಲೆ ಮೇನ್ ಆಫ್ ಮಾಡಿ, ಲಾಕ್ ಹಾಕಿ, ಗುಂಡಿಯ ಒಂದು ವೈರನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ. ಪ್ಯಾನೆಲ್ ಮುಚ್ಚಿ, ಮೇನ್ ಹಾಕಿ, ಸ್ಟಾರ್ಟ್ ಒತ್ತಲು ಹೇಳಿ. ಮೆಷಿನ್ ಚಾಲೂ ಆದರೆ ಕೆಲಸ ಒಪ್ಪಿಕೊಳ್ಳಬೇಡಿ.

ಹಳೆಯ ಪ್ರೆಸ್ ಅಂದಿದ್ದೀರಿ. ಕೀ ಕ್ಲಚ್ (ಫ್ಲೈವೀಲ್ ಎಂಬ ಭಾರದ ಚಕ್ರಕ್ಕೆ ಶಾಫ್ಟನ್ನು ಒಂದು ಕೀಲಿಯಿಂದ ಸಿಕ್ಕಿಸುವ ಕ್ಲಚ್) ಇರುವುದಾದರೆ, ಪೆಡಲ್ ಒತ್ತಿ ಕ್ಲಚ್ ಹಿಡಿದ ಮೇಲೆ ಹೊಡೆತ ಕೊಡುವ ರ‍್ಯಾಮ್ ಒಂದು ಸುತ್ತು ಮುಗಿಸಿಯೇ ನಿಲ್ಲುತ್ತದೆ. ಮೋಟಾರ್ ಆಫ್ ಆದರೂ ಫ್ಲೈವೀಲ್ ತಿರುಗುತ್ತಲೇ ಇರುತ್ತದೆ. ಆ ಹೊಡೆತದಿಂದ ಬೆರಳು ಉಳಿಸುವ ಶಕ್ತಿ ಯಾವ ಎಮರ್ಜೆನ್ಸಿ ಸ್ಟಾಪ್‌ಗೂ ಇಲ್ಲ. ಡೈ (ಅಚ್ಚು) ಸುತ್ತ ಕೈ ಹೋಗದ ಹಾಗೆ ಗಟ್ಟಿ ಗಾರ್ಡ್ ಹಾಕಿಸಿ, ಅದೂ ಈ ಸ್ವಿಚ್ ಕೊಳ್ಳುವ ಮೊದಲೇ.