ಮೌಂಟನ್ ಬೈಕಿಗೆ ಅಲ್ಯೂಮಿನಿಯಂ, ಕ್ರೋಮೋಲಿ, ಕಾರ್ಬನ್‌ಗಳಲ್ಲಿ ಯಾವ ಫ್ರೇಮ್ ಒಳ್ಳೆಯದು?

ಅಲ್ಯೂಮಿನಿಯಂ, ಕ್ರೋಮೋಲಿ ಉಕ್ಕು (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ್ದು) ಮತ್ತು ಕಾರ್ಬನ್ ಫೈಬರ್‌ಗಳ ಹೋಲಿಕೆಯನ್ನು ನೀವು ನಾಲ್ಕು ಸಾಲುಗಳಲ್ಲಿ ಕೇಳಿದ್ದೀರಿ. ಕೊನೆಯಲ್ಲಿ, ಬಹುಶಃ ಅಷ್ಟು ಮುಖ್ಯವಲ್ಲವೆಂದುಕೊಂಡು, ಇನ್ನೊಂದು ಸಾಲನ್ನೂ ಸೇರಿಸಿದ್ದೀರಿ: ನಿಮ್ಮ ಎತ್ತರ 5 ಅಡಿ 11 ಇಂಚು, ಅಂಗಡಿಯಲ್ಲಿ ರಿಯಾಯಿತಿಗೆ ಸಿಗುತ್ತಿರುವ ಅಲ್ಯೂಮಿನಿಯಂ ಸೈಕಲ್ ಮೀಡಿಯಂ ಅಳತೆಯದು, ‘ಸೀಟು ಸ್ವಲ್ಪ ಮೇಲೆತ್ತಿಕೊಂಡರೆ ಆಯಿತು’ ಎಂದು ಅಂಗಡಿಯವರು ಹೇಳಿದ್ದಾರೆ. ನಾನು ಉತ್ತರ ಬರೆಯಲು ಕೂತದ್ದು ಆ ಕೊನೆಯ ಸಾಲಿಗಾಗಿ. 2015ರ ದಸರೆಯ ಹೊತ್ತಿನಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ನನಗೂ ಇದೇ ಮಾತನ್ನು ಹೇಳಿದ್ದರು. ನನ್ನ ಎತ್ತರವೂ ನಿಮ್ಮಷ್ಟೇ, ಮತ್ತು ನಾನು ಆ ಮಾತನ್ನು ನಂಬಿದೆ.

ಅದಕ್ಕೂ ಮೊದಲು ಎರಡು ತಿಂಗಳು ನಾನು ಫ್ರೇಮಿನ ಲೋಹದ ಬಗ್ಗೆಯೇ ಓದಿದ್ದೆ. ಯಾವುದು ಎಷ್ಟು ತೂಗುತ್ತದೆ, ಯಾವುದು ತುಕ್ಕು ಹಿಡಿಯುತ್ತದೆ, 6061 ಮತ್ತು 7005 ಎಂಬ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ವ್ಯತ್ಯಾಸವೇನು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಆ ಸೈಕಲ್ಲಿನ ಸೀಟ್ ಟ್ಯೂಬ್ (ಪೆಡಲ್‌ಗಳ ನಡುವಿನಿಂದ ಸೀಟಿನ ಕಡೆಗೆ ಏರುವ ಫ್ರೇಮಿನ ಕೊಳವೆ) ಎಷ್ಟು ಉದ್ದವಿದೆ ಎಂಬ ಒಂದು ಅಂಕಿಯನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಲಾರ್ಜ್ ಅಳತೆಯದು ತರಿಸಬೇಕಾದರೆ ಮೂರು ವಾರ ಕಾಯಬೇಕಿತ್ತು, ರಿಯಾಯಿತಿಯೂ ಇರುತ್ತಿರಲಿಲ್ಲ. ಹಾಗಾಗಿ ಮೀಡಿಯಂ ಅನ್ನೇ ಕೊಂಡು, ಮುಂದಿನ ಭಾನುವಾರದಿಂದಲೇ ತುರಹಳ್ಳಿ ಕಾಡಿಗೂ ಆಗಾಗ ಯಲಹಂಕದ ಕಡೆಯ ಆವಲಹಳ್ಳಿಗೂ ಹೋಗಲಾರಂಭಿಸಿದೆ.

ಹದಿನಾಲ್ಕು ತಿಂಗಳ ನಂತರ ಒಂದು ಶಬ್ದ ಶುರುವಾಯಿತು. ಏರಿನಲ್ಲಿ ಕೂತು ತುಳಿಯುವಾಗ ಮಾತ್ರ ‘ಕಿರ್ರ್’ ಎನ್ನುತ್ತಿತ್ತು, ಎದ್ದು ನಿಂತು ತುಳಿದರೆ ಇರುತ್ತಿರಲಿಲ್ಲ. ಶಬ್ದ ಸೀಟಿನ ಕಡೆಯದೆಂದು ಆ ವ್ಯತ್ಯಾಸವೇ ಹೇಳುತ್ತಿತ್ತು. ಆದರೆ ನಾನು ಬಾಟಮ್ ಬ್ರ್ಯಾಕೆಟ್ (ಪೆಡಲ್‌ಗಳ ಅಚ್ಚು ತಿರುಗುವ ಭಾಗ) ಸಡಿಲವಾಗಿದೆಯೆಂದು ತಿಳಿದು ಅದನ್ನು ಬಿಚ್ಚಿಸಿ ಗ್ರೀಸ್ ಹಾಕಿಸಿದೆ, ಆಮೇಲೆ ಅದನ್ನೇ ಬದಲಾಯಿಸಿದೆ. ಒಂದು ದಿನ ಸೈಕಲ್ ತೊಳೆದು ಒರೆಸುವಾಗ ಟಾಪ್ ಟ್ಯೂಬ್ (ಹ್ಯಾಂಡಲ್ ಕಡೆಯಿಂದ ಸೀಟಿನ ಕಡೆಗೆ ಬರುವ ಮೇಲಿನ ಕೊಳವೆ) ಮತ್ತು ಸೀಟ್ ಟ್ಯೂಬ್ ಸೇರುವ ವೆಲ್ಡಿಂಗಿನ ಸ್ವಲ್ಪ ಮೇಲೆ, ಮುಂಭಾಗದಲ್ಲಿ, ಒಂದು ಕಪ್ಪು ಗೆರೆ ಕಂಡಿತು. ಕೂದಲು ಅಂಟಿದೆಯೆಂದು ಬಟ್ಟೆಯಿಂದ ಎರಡು ಬಾರಿ ಉಜ್ಜಿದೆ, ಹೋಗಲಿಲ್ಲ. ಉಗುರು ಇಟ್ಟು ಎಳೆದಾಗ ಉಗುರು ಸಿಕ್ಕಿಕೊಂಡಿತು. ಸೀಟನ್ನು ಹಿಡಿದು ಹಿಂದಕ್ಕೆ ಒತ್ತಿದರೆ ಆ ಗೆರೆ ಬಾಯಿ ಬಿಡುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು.

ಇದು ಏಕೆ ಆಯಿತೆಂಬುದನ್ನು ನಾನು ಲೆಕ್ಕ ಸಮೇತ ಹೇಳುತ್ತೇನೆ, ದಯವಿಟ್ಟು ಬಿಡದೆ ಓದಿ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದರೆ ನನಗೆ 86 ಸೆಂಟಿಮೀಟರ್ ಬರುತ್ತದೆ. ಅದನ್ನು 0.883ರಿಂದ ಗುಣಿಸಿದರೆ ಬಾಟಮ್ ಬ್ರ್ಯಾಕೆಟ್ಟಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಎತ್ತರ ಸಿಗುತ್ತದೆ, ಅಂದರೆ ಸುಮಾರು 76 ಸೆಂಟಿಮೀಟರ್. ಆ ಮೀಡಿಯಂ ಫ್ರೇಮಿನ ಸೀಟ್ ಟ್ಯೂಬ್ 42 ಸೆಂಟಿಮೀಟರ್ ಇತ್ತು. ಸೀಟಿನ ದಪ್ಪಕ್ಕೆ 5 ಸೆಂಟಿಮೀಟರ್ ಕಳೆದರೆ, ಉಳಿದ 29 ಸೆಂಟಿಮೀಟರ್ ಎತ್ತರವನ್ನು ಸೀಟ್ ಪೋಸ್ಟ್ (ಸೀಟನ್ನು ಹೊತ್ತು ಸೀಟ್ ಟ್ಯೂಬಿನೊಳಗೆ ಇಳಿಯುವ ಕಂಬ) ಒಂದೇ ತುಂಬಿಕೊಡಬೇಕು. ಸೈಕಲ್ಲಿನ ಜೊತೆ ಬಂದ ಪೋಸ್ಟಿನ ಒಟ್ಟು ಉದ್ದ 35 ಸೆಂಟಿಮೀಟರ್. ಹೀಗಾಗಿ ಫ್ರೇಮಿನ ಒಳಗೆ ಉಳಿದದ್ದು ಬರೀ 6 ಸೆಂಟಿಮೀಟರ್. ಪೋಸ್ಟಿನ ಮೇಲೆ ‘ಇದಕ್ಕಿಂತ ಮೇಲಕ್ಕೆ ಎಳೆಯಬೇಡಿ’ ಎಂದು ಸೂಚಿಸುವ ಗೆರೆ ಅದರ ಕೆಳತುದಿಯಿಂದ 10 ಸೆಂಟಿಮೀಟರ್ ಮೇಲಿತ್ತು, ಮತ್ತು ಅದು ಪ್ರತಿದಿನವೂ ನನ್ನ ಕಣ್ಣಿಗೆ ಕಾಣುತ್ತಿತ್ತು.

ಹಾರೆ ಹಿಡಿದು ಬಂಡೆ ಮೀಟಿದವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಆಸರೆಯಿಂದ ಆಚೆಗಿರುವ ಉದ್ದ ಹೆಚ್ಚಿದಷ್ಟೂ, ಈಚೆಗಿರುವ ತುದಿ ಗಿಡ್ಡವಾದಷ್ಟೂ, ಆ ತುದಿಯಲ್ಲಿ ಹುಟ್ಟುವ ಬಲ ಹೆಚ್ಚುತ್ತದೆ. ಸೀಟ್ ಪೋಸ್ಟ್ ಹಿಂದಕ್ಕೆ ವಾಲಿಕೊಂಡಿರುವುದರಿಂದ ನಾವು ಕೂತಾಗಲೆಲ್ಲ, ಪ್ರತಿ ಕಲ್ಲು ಹತ್ತಿ ಇಳಿದಾಗಲೆಲ್ಲ, ಸೀಟು ಹಿಂದಕ್ಕೆ ತಳ್ಳಲ್ಪಡುತ್ತದೆ ಮತ್ತು ಪೋಸ್ಟಿನ ಕೆಳತುದಿ ಕೊಳವೆಯ ಒಳಗೋಡೆಯನ್ನು ಮುಂದಕ್ಕೆ ಮೀಟುತ್ತದೆ. ಹೊರಗೆ 29, ಒಳಗೆ 6 ಸೆಂಟಿಮೀಟರ್ ಇದ್ದಾಗ ಆ ಮೀಟು ಸೀಟಿನ ಮೇಲಿನ ತಳ್ಳುಬಲದ ಐದು ಪಟ್ಟಿಗೆ ಹತ್ತಿರವಾಗುತ್ತದೆ. ಅದೇ ಸೈಕಲ್ಲಿನ ಲಾರ್ಜ್ ಫ್ರೇಮಿನಲ್ಲಿ ಸೀಟ್ ಟ್ಯೂಬ್ 47 ಸೆಂಟಿಮೀಟರ್. ಅಲ್ಲಿ ಹೊರಗೆ 24, ಒಳಗೆ 11 ಇರುತ್ತಿತ್ತು, ಮೀಟು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇದಕ್ಕಿಂತಲೂ ದೊಡ್ಡ ತಪ್ಪು ಇನ್ನೊಂದಿದೆ. ನನ್ನ ಫ್ರೇಮಿನಲ್ಲಿ ಸೀಟ್ ಟ್ಯೂಬ್ ಟಾಪ್ ಟ್ಯೂಬಿನ ಕೂಡುವಿಕೆಯಿಂದ 7 ಸೆಂಟಿಮೀಟರ್ ಮೇಲಕ್ಕೆ ಚಾಚಿಕೊಂಡಿತ್ತು. 6 ಸೆಂಟಿಮೀಟರ್ ಒಳಗಿದ್ದ ಪೋಸ್ಟ್ ಆ ಕೂಡುವಿಕೆಯನ್ನು ತಲುಪದೆ 1 ಸೆಂಟಿಮೀಟರ್ ಮೇಲೆಯೇ ನಿಂತಿತ್ತು. ಪೋಸ್ಟ್ ಕೂಡುವಿಕೆಯನ್ನು ದಾಟಿ ಕೆಳಗಿಳಿದಿದ್ದರೆ ಬಾಗುವ ಬಲವನ್ನು ದಪ್ಪನೆಯ ಪೋಸ್ಟೂ ಹಂಚಿಕೊಳ್ಳುತ್ತಿತ್ತು. ದಾಟದೆ ಇದ್ದುದರಿಂದ ಪೂರ್ತಿ ಬಲವನ್ನು ತೆಳುವಾದ ಕೊಳವೆಯೊಂದೇ, ಅದೂ ವೆಲ್ಡಿಂಗಿನ ಅಂಚಿನಲ್ಲಿ, ಹೊರಬೇಕಾಯಿತು. ಇಲ್ಲಿ ಇನ್ನೊಂದು ವಿಷಯ ತಿಳಿದಿರಲಿ: ಪೋಸ್ಟಿನ ಮೇಲಿನ ಆ ಎಚ್ಚರಿಕೆಯ ಗೆರೆಯನ್ನು ಹಾಕುವವರು ಪೋಸ್ಟ್ ತಯಾರಿಸುವವರು. ಅದು ಪೋಸ್ಟಿನ ಕ್ಷೇಮಕ್ಕೆ ಇರುವ ಗೆರೆ, ನಿಮ್ಮ ಫ್ರೇಮಿನ ಕೂಡುವಿಕೆ ಎಲ್ಲಿದೆಯೆಂಬುದು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಗೆರೆ ಒಳಗಿದ್ದರೆ ಸಾಲದು, ಪೋಸ್ಟಿನ ತುದಿ ಟಾಪ್ ಟ್ಯೂಬಿನ ಕೆಳ ಅಂಚನ್ನೂ ದಾಟಿರಬೇಕು. 40 ಸೆಂಟಿಮೀಟರಿನ ಒಂದು ಪೋಸ್ಟ್ ಹಾಕಿಕೊಂಡಿದ್ದರೂ ಆ ಫ್ರೇಮ್ ಇಂದಿಗೂ ಓಡುತ್ತಿತ್ತೇನೋ ಎಂಬುದು ನನಗೆ ಈಗಲೂ ನೋವು ಕೊಡುವ ಸಂಗತಿ.

ವಾರಂಟಿ ಕೇಳಲು ಹೋದಾಗ ಅಂಗಡಿಯವರು ಬಿರುಕನ್ನು ನೋಡುವ ಮೊದಲು ಪೋಸ್ಟನ್ನು ಹೊರಗೆಳೆದರು. ಒಳಗಿದ್ದಷ್ಟು ಭಾಗ ಮಣ್ಣಿನ ಕಣಗಳಿಂದ ಉಜ್ಜಿ ಬೆಳ್ಳಗಾಗಿತ್ತು, ಮೇಲಿನದು ಕಪ್ಪಾಗಿಯೇ ಇತ್ತು. ಅಳತೆಪಟ್ಟಿ ಇಟ್ಟು ತೋರಿಸಿದರು, ಸರಿಯಾಗಿ 6 ಸೆಂಟಿಮೀಟರ್. ವಾದಿಸಲು ನನ್ನ ಬಳಿ ಏನೂ ಇರಲಿಲ್ಲ. ಸೀಟು ಮೇಲೆತ್ತಿಕೊಳ್ಳಿ ಎಂದವರೇ ಅವರು ಎಂಬುದು ನಿಜ, ಆದರೆ ಅದು ಬಿಲ್ಲಿನಲ್ಲಿ ಬರೆದಿರಲಿಲ್ಲ.

ಆಮೇಲೆ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ವೆಲ್ಡ್ ಮಾಡಿಸಿದೆ. ‘ಸರ್, ಅಂಟಿಸಿ ಕೊಡ್ತೀನಿ, ಗ್ಯಾರಂಟಿ ಮಾತ್ರ ಕೇಳಬೇಡಿ’ ಎಂದು ಆ ಮೇಸ್ತ್ರಿ ಮೊದಲೇ ಪ್ರಾಮಾಣಿಕವಾಗಿ ಹೇಳಿದ್ದರು. 6061 ಅಲ್ಯೂಮಿನಿಯಂಗೆ ಅದರ ಗಟ್ಟಿತನ ಬರುವುದು ಶಾಖಸಂಸ್ಕಾರದಿಂದ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಮುಗಿದ ಮೇಲೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಟ್ಟನೆ ತಣಿಸಿ, ನಂತರ 170 ಡಿಗ್ರಿಯ ಆಸುಪಾಸಿನಲ್ಲಿ ಹಲವು ಗಂಟೆ ಒಲೆಯಲ್ಲಿಡುತ್ತಾರೆ. ಅದನ್ನು ಮಾಡದೆ ಬರೀ ವೆಲ್ಡ್ ಮಾಡಿದರೆ, ಬೆಂಕಿ ತಗುಲಿದ ಪಕ್ಕದ ಲೋಹ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಐದನೆಯ ವಾರದಲ್ಲಿ, ವೆಲ್ಡಿಂಗಿನಿಂದ ಎರಡು ಬೆರಳು ಆಚೆಗೆ ಹೊಸ ಬಿರುಕು ಬಂತು. ತುರಹಳ್ಳಿಯಿಂದ ಮನೆಗೆ ಸೈಕಲ್ ತಳ್ಳಿಕೊಂಡು ಬಂದೆ.

ಒಂದು ಹಳೆಯ ಕ್ರೋಮೋಲಿ ಫ್ರೇಮನ್ನು, ಈ ಸಲ ಅಳತೆಪಟ್ಟಿ ಹಿಡಿದುಕೊಂಡೇ ಹೋಗಿ, ಕೊಂಡೆ. ಇಂದಿಗೂ ಅದರಲ್ಲೇ ಓಡಾಡುತ್ತಿದ್ದೇನೆ. ಇದನ್ನು ಕೇಳಿದವರೆಲ್ಲ ‘ನೋಡಿ, ಉಕ್ಕೇ ಒಳ್ಳೆಯದು’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ತಮ್ಮ ಅದೇ ವರ್ಷ ಅದೇ ಅಲ್ಯೂಮಿನಿಯಂ ಸೈಕಲ್ಲನ್ನು ಕೊಂಡಿದ್ದ. ಅವನ ಎತ್ತರ 5 ಅಡಿ 7 ಇಂಚು, ಮೀಡಿಯಂ ಅವನಿಗೆ ಹೇಳಿ ಮಾಡಿಸಿದಂತಿತ್ತು. ಅವನು ನನಗಿಂತ ಭಾರ, ಇಳಿಜಾರಿನಲ್ಲಿ ನನಗಿಂತ ಒರಟು. ಅವನ ಫ್ರೇಮಿನಲ್ಲಿ ಇವತ್ತಿಗೂ ಒಂದು ಗೆರೆಯಿಲ್ಲ.

ಹೀಗಾಗಿ ‘ಯಾವ ಲೋಹ ಗಟ್ಟಿ’ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆಂದು ನನಗೆ ಅನಿಸುತ್ತದೆ. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಭಾರ, ಸುಮಾರು ಮೂರು ಪಟ್ಟು ಬಿಗಿ. ಆದ್ದರಿಂದ ಅಲ್ಯೂಮಿನಿಯಂ ಫ್ರೇಮಿನ ಕೊಳವೆಗಳನ್ನು ದಪ್ಪ ಮಾಡಿ, ಉಕ್ಕಿನದನ್ನು ಸಣ್ಣಗೆ ಇಟ್ಟು, ತಯಾರಕರು ಎರಡನ್ನೂ ತಮಗೆ ಬೇಕಾದ ಬಿಗಿತಕ್ಕೆ ತರುತ್ತಾರೆ. ಒಂದು ಮಿತಿಗಿಂತ ಕಡಿಮೆ ಬಲ ಬಿದ್ದರೆ ಉಕ್ಕು ಎಷ್ಟು ಸಲ ಬಾಗಿದರೂ ದಣಿಯುವುದಿಲ್ಲ, ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಸಣ್ಣ ಹೊಡೆತವೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಇದು ಸತ್ಯ, ಮತ್ತು ನನ್ನ ತಪ್ಪಿಗೆ ದಂಡ ಅಷ್ಟು ಬೇಗ ಬಿದ್ದದ್ದರಲ್ಲಿ ಇದರ ಪಾಲೂ ಇದೆ. ಆದರೆ ಅದನ್ನು ಅರಿತೇ ಕೊಳವೆಯ ಗೋಡೆಯನ್ನು ದಪ್ಪ ಇಡುತ್ತಾರೆ. ಸೈಕಲ್‌ಗಳ ಸುರಕ್ಷತೆಗೆಂದು ಇರುವ ಅಂತರರಾಷ್ಟ್ರೀಯ ಐಎಸ್‌ಒ 4210 ಮಾನಕದಲ್ಲಿ ಪೆಡಲ್ ತುಳಿತದ ಬಲವನ್ನು ಲಕ್ಷ ಸಲ ಹಾಕಿ ನೋಡುವ ಪರೀಕ್ಷೆ ಲೋಹವನ್ನು ನೋಡಿ ರಿಯಾಯಿತಿ ಕೊಡುವುದಿಲ್ಲ. ಕಮೆನ್ಸಾಲ್ ಕಂಪನಿಯ ಅಲ್ಯೂಮಿನಿಯಂ ಸೈಕಲ್ಲಿನಲ್ಲಿ ಫ್ರಾನ್ಸಿನ ಸವಾರ ಅಮೋರಿ ಪಿಯರೋನ್ 2018 ಮತ್ತು 2022ರಲ್ಲಿ ಡೌನ್‌ಹಿಲ್ (ಕಡಿದಾದ ಇಳಿಜಾರಿನ ಓಟ) ವಿಶ್ವಕಪ್ಪಿನ ಒಟ್ಟಾರೆ ಪ್ರಶಸ್ತಿ ಗೆದ್ದರು. ತುರಹಳ್ಳಿಯ ಬಂಡೆಗಳು ಅದಕ್ಕಿಂತ ಕಠಿಣವಲ್ಲ.

ಉಕ್ಕಿನ ಫ್ರೇಮ್ ‘ಮೆತ್ತಗೆ’ ಓಡುತ್ತದೆ ಎಂಬ ಮಾತನ್ನೂ ನಂಬಿ ಹಣ ಕೊಡಬೇಡಿ. ತ್ರಿಕೋನಗಳಿಂದ ಕಟ್ಟಿದ ಫ್ರೇಮ್ ಮೇಲಿಂದ ಕೆಳಕ್ಕೆ ಬಾಗುವುದು ಅತ್ಯಲ್ಪ, ಅದಕ್ಕಿಂತ ಹತ್ತಾರು ಪಟ್ಟು ಟೈರ್ ಬಾಗುತ್ತದೆ. ಅಂಗಡಿಯಲ್ಲಿ 45 ಪಿಎಸ್‌ಐ ತುಂಬಿಕೊಟ್ಟಿದ್ದ ಗಾಳಿಯನ್ನು ನಾನು, 76 ಕೆಜಿ ತೂಕದವನು, 2.25 ಇಂಚಿನ ಟೈರಿನಲ್ಲಿ 28ಕ್ಕೆ ಇಳಿಸಿದ ದಿನ ಕೈ ನೋವು ಹೋಯಿತು. ಫ್ರೇಮ್ ಬದಲಾಯಿಸಿದ ದಿನ ಅಂಥ ವ್ಯತ್ಯಾಸವೇನೂ ತಿಳಿಯಲಿಲ್ಲ. ಉಕ್ಕಿನ ಪರವಾಗಿ ಹೇಳಬೇಕಾದ ನಿಜವಾದ ಮಾತು ಬೇರೆ ಇದೆ: ಬಿರುಕು ಬಿಟ್ಟರೆ ಬಲ್ಲ ಮೇಸ್ತ್ರಿ ಅದನ್ನು ಬೆಸೆದು ಮತ್ತೆ ಓಡುವಂತೆ ಮಾಡಬಲ್ಲರು. 1977ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಗುಡ್ಡಗಳಿಗೆಂದೇ, ಮೌಂಟನ್ ಬೈಕ್ ಕಟ್ಟಿದ ಮೊದಲಿಗರಲ್ಲಿ ಒಬ್ಬರಾದ ಜೋ ಬ್ರೀಜ್ ಕಟ್ಟಿದ ಫ್ರೇಮ್ ಕ್ರೋಮೋಲಿಯದ್ದೇ ಆಗಿತ್ತು. ಆದರೆ ಉಕ್ಕಿಗೆ ಮಳೆಗಾಲದ ಸೇವೆ ಬೇಕು. ನಾನು ಮೂರು ತಿಂಗಳಿಗೊಮ್ಮೆ ಪೋಸ್ಟ್ ಹೊರಗೆಳೆದು, ಸೈಕಲ್ ತಲೆಕೆಳಗು ಮಾಡಿ ಒಳಗಿನ ನೀರು ಸುರಿದು, ಒಣಗಿಸಿ, ಗ್ರೀಸ್ ಸವರುತ್ತೇನೆ. ಇಲ್ಲದಿದ್ದರೆ ಅಲ್ಯೂಮಿನಿಯಂ ಪೋಸ್ಟ್ ಉಕ್ಕಿನ ಕೊಳವೆಯೊಳಗೆ ಕಚ್ಚಿಕೊಂಡು, ಯಾರು ಎಳೆದರೂ ಬಾರದಂತಾಗುತ್ತದೆ. ನೀವು ಮಂಗಳೂರಿನವರೆಂದು ಬರೆದಿದ್ದೀರಿ. ಕಡಲ ಗಾಳಿಯಲ್ಲಿ, ನಾಲ್ಕು ತಿಂಗಳ ಮಳೆಯಲ್ಲಿ ಈ ಸೇವೆಯನ್ನು ತಪ್ಪಿಸುವಂತಿಲ್ಲ, ಆದ್ದರಿಂದ ನಿಮಗೆ ನಾನು ಅಲ್ಯೂಮಿನಿಯಮ್ಮನ್ನೇ ಹೇಳುತ್ತೇನೆ.

ಕಾರ್ಬನ್ ದುರ್ಬಲವಲ್ಲ, ವಿಶ್ವಕಪ್ ಸೈಕಲ್‌ಗಳಲ್ಲಿ ಬಹಳಷ್ಟು ಅದರವೇ. ಆದರೆ ಅದು ಬಾಗಿ ಮುನ್ಸೂಚನೆ ಕೊಡುವ ವಸ್ತುವಲ್ಲ, ಕಲ್ಲು ಬಡಿದ ಪೆಟ್ಟು ಒಳಪದರದಲ್ಲಿ ಅಡಗಿರಬಹುದು, ಸೀಟ್ ಪೋಸ್ಟನ್ನು ಬಿಗಿಹಿಡಿಯುವ ಕ್ಲ್ಯಾಂಪನ್ನು ಟಾರ್ಕ್ ರೆಂಚ್ (ಬಿಗಿತ ಅಳೆಯುವ ಸ್ಪ್ಯಾನರ್) ಇಲ್ಲದೆ ಬಿಗಿಮಾಡುವಂತಿಲ್ಲ. ಮೊದಲ ಮೌಂಟನ್ ಬೈಕಿಗಾಗಿ ಇನ್ನೊಂದು ವರ್ಷ ಹಣ ಕೂಡಿಸಿ ಅದನ್ನು ಕೊಳ್ಳುವ ನಿಮ್ಮ ಯೋಚನೆಯನ್ನು ಬಿಟ್ಟುಬಿಡಿ. ಆ ವರ್ಷವನ್ನು ಸೈಕಲ್ಲಿನ ಮೇಲೆ ಕಳೆಯಿರಿ.

ಇಂದು ಸಂಜೆ ಒಂದು ಪುಸ್ತಕವನ್ನು ತೊಡೆಸಂದಿಗೆ ಒತ್ತಿ ಹಿಡಿದು, ಗೋಡೆಯ ಮೇಲೆ ಗುರುತು ಹಾಕಿ ಅಳೆದುಕೊಳ್ಳಿ. ನಾಳೆ ಅಂಗಡಿಗೆ ಹೋಗಿ ಆ ಮೀಡಿಯಂ ಸೈಕಲ್ಲಿನ ಸೀಟ್ ಟ್ಯೂಬ್ ಎಷ್ಟಿದೆ, ಪೋಸ್ಟ್ ಎಷ್ಟು ಉದ್ದವಿದೆ, ಟಾಪ್ ಟ್ಯೂಬಿನ ಕೆಳ ಅಂಚು ಕ್ಲ್ಯಾಂಪಿನಿಂದ ಎಷ್ಟು ಕೆಳಗಿದೆ ಎಂಬ ಮೂರು ಅಳತೆಗಳನ್ನು ಬರೆದುಕೊಂಡು ಬನ್ನಿ. ನಿಮಗೆ ಬೇಕಾದ ಎತ್ತರಕ್ಕೆ ಸೀಟು ಏರಿಸಿದಾಗ ಪೋಸ್ಟಿನ ತುದಿ ಆ ಅಂಚನ್ನು ದಾಟದಿದ್ದರೆ, ರಿಯಾಯಿತಿ ಎಷ್ಟೇ ಇರಲಿ, ಲಾರ್ಜ್ ತರಿಸಿಕೊಡಿ ಎಂದು ಹೇಳಿ ಮೂರು ವಾರ ಕಾಯಿರಿ. ಅಳತೆಗಳನ್ನು ಈ ಉತ್ತರದ ಕೆಳಗೆ ಬರೆದರೆ ಲೆಕ್ಕವನ್ನು ನಾನೇ ಮಾಡಿಕೊಡುತ್ತೇನೆ.